ಎಕೋ ರಿಪೋರ್ಟಿನಲ್ಲಿ ಇಲ್ಲದ ಹೆಸರು

ನಮ್ಮ ಬೀದಿಯ ತುದಿಯಲ್ಲಿರುವ ಗಣಪತಿ ಗುಡಿಯ ಮುಂದೆ ಹೂ ಕಟ್ಟಿ ಮಾರುವ ಹುಡುಗಿಗೆ ಈಗ ಇಪ್ಪತ್ನಾಲ್ಕು ವರ್ಷ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಮೈಸೂರಿನ ಮಾರುಕಟ್ಟೆಯಿಂದ ಹೂವಿನ ಮೂಟೆ ಹೊತ್ತು ತರುತ್ತಿದ್ದಳು. ಈ ಮಳೆಗಾಲ ಶುರುವಾದಾಗಿನಿಂದ ಮೂಟೆ ತರುವ ಕೆಲಸ ಅವಳ ಗಂಡನದಾಗಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಅಂಗಾತ ಮಲಗಿದರೆ ಕೆಮ್ಮು. ‘ಕಫ ಕಟ್ಟಿದೆ’ ಎಂದು ಎರಡು ತಿಂಗಳು ಸಿರಪ್ ಕುಡಿದ ಮೇಲೆ ಯಾರೋ ಪುಣ್ಯಾತ್ಮರು ಎದೆಗೆ ಸ್ಟೆತಸ್ಕೋಪು ಇಟ್ಟು, ಅವಳನ್ನು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಈಚೆಗೆ ಒಂದು ಸಂಜೆ ಹೂವಿಗೆ ಹೋದಾಗ, ಬುಟ್ಟಿಯ ಕೆಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟಳು.

“ಅಕ್ಕಾ, ಇದ್ರಲ್ಲಿ ಏನ್ ಬರ್ದವ್ರೆ ಒಸಿ ನೋಡಿ. ಡಾಕ್ಟ್ರು ಹೇಳುದ್ರು, ನಂಗೆ ಅರ್ಥ ಆಗ್ನಿಲ್ಲ.”

ಅದು ಎಕೋ ರಿಪೋರ್ಟು. ಇಡೀ ಹಾಳೆ ಇಂಗ್ಲಿಷಿನಲ್ಲಿತ್ತು. ಮೈಟ್ರಲ್ ಕವಾಟದ ಸರಾಸರಿ ಗ್ರೇಡಿಯೆಂಟ್ 14, ಪ್ರೆಶರ್ ಹಾಫ್ ಟೈಮ್ 244, ಕವಾಟದ ವಿಸ್ತೀರ್ಣ 0.9 ಚದರ ಸೆಂಟಿಮೀಟರ್, ವಿಲ್ಕಿನ್ಸ್ ಸ್ಕೋರ್ 7. ಕೆಳಗೆ ವೈದ್ಯರ ಸಹಿ ಮತ್ತು ಮೊಹರು. ಬಾಯಿ ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಅಗಲವಾಗಿ ತೆರೆದುಕೊಳ್ಳಬೇಕಾದ ಕವಾಟ ಅವಳ ಎದೆಯಲ್ಲಿ ಒಂದಕ್ಕಿಂತ ಕಡಿಮೆ ತೆರೆದುಕೊಳ್ಳುತ್ತಿತ್ತು. ಚಿಕ್ಕಂದಿನಲ್ಲಿ ಎಂದೋ ಬಂದ ಗಂಟಲು ನೋವು, ಅದರ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ, ಆಮೇಲೆ ಸದ್ದಿಲ್ಲದೆ ಗಟ್ಟಿಯಾಗುತ್ತಾ ಅಂಚುಗಳು ಅಂಟಿಕೊಂಡ ಕವಾಟ. ನಮ್ಮ ದೇಶದ ಬಡವರ ಹೃದಯದ ಕಾಯಿಲೆ ಇದು. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ನನಗೆ ತಿಳಿದಷ್ಟನ್ನು ಹೇಳಿದೆ.

ಅದೇ ವಾರ ನಾನು ಒಂದು ಸನ್ಮಾನ ಸಮಾರಂಭಕ್ಕೆ ಹೋಗಿದ್ದೆ. ಸನ್ಮಾನಿತರು ಹಿರಿಯ ವೈದ್ಯ ಸಂಶೋಧಕರು, ಗೌರವಕ್ಕೆ ಎಲ್ಲ ರೀತಿಯಲ್ಲೂ ತಕ್ಕವರು. ಪರಿಚಯ ಮಾಡಿಕೊಟ್ಟವರು ಸಂಖ್ಯೆಗಳನ್ನು ಓದಿದರು: ಇಷ್ಟು ಪ್ರಬಂಧ, ಇಷ್ಟು ಸಾವಿರ ಉಲ್ಲೇಖ, ಇಷ್ಟು ಎಚ್-ಇಂಡೆಕ್ಸ್, ವಿಶ್ವದ ಅಗ್ರ ಶೇಕಡಾ 2 ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ. ಸಭೆ ಚಪ್ಪಾಳೆ ತಟ್ಟಿತು. ಆ ನೂರಾರು ಪ್ರಬಂಧಗಳಲ್ಲಿ ಒಂದರಲ್ಲಾದರೂ ಏನು ಬರೆದಿದೆ, ಅದರಿಂದ ಯಾವ ರೋಗಿಗೆ ಏನಾಯಿತು ಎಂದು ಯಾರೂ ಹೇಳಲಿಲ್ಲ. ಒಂದು ವಾಕ್ಯ ಹೇಳಿದ್ದರೂ ಸಾಕಿತ್ತು. ಆ ಸಭೆಯಲ್ಲಿ ಕೂತಿದ್ದಾಗಲೇ ಹೂವಿನ ಹುಡುಗಿಯ ಹಾಳೆ ನೆನಪಾಯಿತು. ಅದರಲ್ಲಿದ್ದ ಒಂದೊಂದು ಸಂಖ್ಯೆಯ ಹಿಂದೆಯೂ ಒಂದು ಪ್ರಬಂಧವಿದೆ. ಅದನ್ನು ಬರೆದವರ ಹೆಸರು ಮಾತ್ರ, ಒಬ್ಬರದನ್ನು ಬಿಟ್ಟರೆ, ಅಲ್ಲಿಲ್ಲ.

ಅವರಲ್ಲಿ ಒಬ್ಬರ ಕತೆ ಈ ವಾರ ಹೇಳಬೇಕು. ಲಿವ್ ಹಾಟ್ಲೆ, ನಾರ್ವೆಯ ಟ್ರಾಂಡ್‌ಹೈಮ್ ಊರಿನ ಆಸ್ಪತ್ರೆಯಲ್ಲಿದ್ದ ಹೃದ್ರೋಗ ವೈದ್ಯೆ. ಅವರ ಕತೆಗೆ ಬರುವ ಮುಂಚೆ ಸ್ವಲ್ಪ ಹಿಂದಕ್ಕೆ, ಪಕ್ಕದ ಸ್ವೀಡನ್ನಿಗೆ ಹೋಗಿ ಬರೋಣ.

1950ರ ದಶಕದ ಆರಂಭ. ಲುಂಡ್ ನಗರದ ವೈದ್ಯ ಇಂಗೆ ಎಡ್ಲರ್ ಅವರ ಚಿಂತೆ ನಮ್ಮ ಹೂವಿನ ಹುಡುಗಿಯ ಕಾಯಿಲೆಯದೇ. ಕಿರಿದಾದ ಮೈಟ್ರಲ್ ಕವಾಟವನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸುವುದು ಆಗಷ್ಟೇ ರೂಢಿಗೆ ಬರುತ್ತಿತ್ತು. ಆದರೆ ಕವಾಟ ಬರೀ ಕಿರಿದಾಗಿದೆಯೋ ಅಥವಾ ಸೋರುತ್ತಲೂ ಇದೆಯೋ ಎಂದು ಎದೆ ತೆರೆಯುವ ಮೊದಲು ಖಚಿತವಾಗಿ ತಿಳಿಯುತ್ತಿರಲಿಲ್ಲ. ಊಹೆ ತಪ್ಪಿದರೆ ರೋಗಿಯ ಪ್ರಾಣಕ್ಕೇ ಕುತ್ತು. ಎಡ್ಲರ್ ಹೋಗಿ ಕೇಳಿದ್ದು ಭೌತವಿಜ್ಞಾನಿ ಹೆಲ್ಮತ್ ಹೆರ್ಟ್ಸ್ ಅವರನ್ನು. ಹೆರ್ಟ್ಸ್ ಮಾಲ್ಮೊ ಊರಿನ ಹಡಗುಕಟ್ಟೆಯಿಂದ ಒಂದು ಯಂತ್ರವನ್ನು ಕಡ ತಂದರು. ಹಡಗಿನ ಉಕ್ಕಿನ ಬೆಸುಗೆಯಲ್ಲಿ ಬಿರುಕು ಹುಡುಕಲು ಶಬ್ದಾತೀತ ತರಂಗ ಬಳಸುವ ಯಂತ್ರ ಅದು. ತಮ್ಮ ಎದೆಗೇ ಹಿಡಿದು ನೋಡಿದರು. ಪರದೆಯ ಮೇಲೆ ಏನೋ ಮಿಡಿಯಿತು. ಸೀಮೆನ್ಸ್ ಕಂಪನಿ ಅಂಥದೇ ಒಂದು ಯಂತ್ರವನ್ನು ಕೊಟ್ಟ ಮೇಲೆ, 1953ರ ಅಕ್ಟೋಬರ್ 29ರಂದು ಇಬ್ಬರೂ ಸೇರಿ ಮಿಡಿಯುವ ಹೃದಯದ ಪ್ರತಿಧ್ವನಿಯನ್ನು ಮೊದಲ ಬಾರಿಗೆ ದಾಖಲಿಸಿದರು.

ಅದನ್ನು 1954ರಲ್ಲಿ ಅಚ್ಚು ಮಾಡಿದ್ದು ಯಾವ ಹೆಸರಾಂತ ಜರ್ನಲ್ಲಿನಲ್ಲೂ ಅಲ್ಲ, ಲುಂಡ್ ಊರಿನದೇ ವಿದ್ವತ್ ಸಂಘವೊಂದರ ಕಲಾಪಗಳಲ್ಲಿ. ಇವತ್ತಿನ ಬಡ್ತಿ ಸಮಿತಿಯ ಮುಂದೆ ಇಟ್ಟರೆ ಲೆಕ್ಕಕ್ಕೆ ಬರುವುದೇ ಕಷ್ಟ. ಆ ಮೇಲೆಯೂ ಒಂದು ತಪ್ಪು ನಡೆಯಿತು. ಪರದೆಯ ಮೇಲೆ ಎದ್ದು ಕಾಣುತ್ತಿದ್ದ ಪ್ರತಿಧ್ವನಿ ಎಡ ಹೃತ್ಕರ್ಣದ ಗೋಡೆಯದು ಎಂದು ಎಡ್ಲರ್ ಮೊದಲು ನಂಬಿದ್ದರು. ಅದು ಮೈಟ್ರಲ್ ಕವಾಟದ ಮುಂದಿನ ಪದರದ್ದು ಎಂದು ಆಮೇಲೆ ಅವರೇ ಕಂಡುಕೊಂಡು ತಿದ್ದಿಕೊಂಡರು. ತಾವು ಹುಡುಕಲು ಹೊರಟಿದ್ದ ಕವಾಟವೇ ಕಣ್ಣೆದುರು ಕುಣಿಯುತ್ತಿತ್ತು! ಜಗತ್ತು ಈ ಕೆಲಸದ ಕಡೆ ಸರಿಯಾಗಿ ತಿರುಗಿ ನೋಡಲು ಹತ್ತು ವರ್ಷವಾದರೂ ಬೇಕಾಯಿತು. ಅಮೆರಿಕದ ಇಂಡಿಯಾನಾದಲ್ಲಿ ಹಾರ್ವೆ ಫೈಗನ್‌ಬಾಮ್ 1965ರಲ್ಲಿ ಹೃದಯದ ಸುತ್ತ ನೀರು ತುಂಬಿಕೊಂಡಿರುವುದನ್ನು ಇದೇ ವಿಧಾನದಿಂದ ತೋರಿಸಿದ ಬಳಿಕ ಎಕೋ ಆಸ್ಪತ್ರೆಗಳಿಗೆ ನುಗ್ಗಿತು. ಎಡ್ಲರ್ ಮತ್ತು ಹೆರ್ಟ್ಸ್‌ಗೆ ಲಾಸ್ಕರ್ ಪ್ರಶಸ್ತಿ ಬಂದದ್ದು 1977ರಲ್ಲಿ.

ಕವಾಟ ಆಡುವುದೇನೋ ಕಂಡಿತು. ಅದರ ಮೂಲಕ ರಕ್ತ ಎಷ್ಟು ಕಷ್ಟಪಟ್ಟು ನುಸುಳುತ್ತಿದೆ ಎಂಬುದು ಮಾತ್ರ ಕಾಣಲಿಲ್ಲ. ಅದನ್ನು ತಿಳಿಯಲು ರಕ್ತನಾಳದೊಳಗೆ ಕ್ಯಾತೆಟರ್ ತೂರಿಸಿ ಹೃದಯದ ಕೋಣೆಗಳ ಒತ್ತಡ ಅಳೆಯಬೇಕಿತ್ತು. ಹಾಗೆ ಅಳೆದ ಒತ್ತಡದಿಂದ ಕವಾಟದ ವಿಸ್ತೀರ್ಣ ಲೆಕ್ಕ ಹಾಕುವ ಸೂತ್ರವನ್ನು 1951ರಲ್ಲಿ ಕೊಟ್ಟವರು ರಿಚರ್ಡ್ ಗಾರ್ಲಿನ್ ಎಂಬ ವೈದ್ಯ ಮತ್ತು ನೀರಿನ ಹರಿವಿನ ಲೆಕ್ಕ ಬಲ್ಲ ಎಂಜಿನಿಯರ್ ಆಗಿದ್ದ ಅವರ ಅಪ್ಪ. ಅಪ್ಪ ಮಗನ ಹೆಸರು ಒಂದೇ ಪ್ರಬಂಧದಲ್ಲಿ ಇರುವುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇನ್ನು ಟ್ರಾಂಡ್‌ಹೈಮ್‌ಗೆ ಬರೋಣ. 1970ರ ದಶಕದ ನಡುವೆ ಅಲ್ಲಿನ ತಾಂತ್ರಿಕ ಕಾಲೇಜಿನ ಬ್ಯೋರ್ನ್ ಆಂಗೆಲ್ಸನ್ ಎಂಬ ಯುವ ಎಂಜಿನಿಯರ್, ರಕ್ತದ ವೇಗ ಅಳೆಯುವ ಡಾಪ್ಲರ್ ಯಂತ್ರವೊಂದನ್ನು ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಪೆಡಾಫ್. ಅದರಲ್ಲಿ ಹೃದಯದ ಚಿತ್ರವಿರಲಿಲ್ಲ. ಪೆನ್ಸಿಲ್ಲಿನಂಥ ಪ್ರೋಬು, ಕಿವಿಗೆ ಬೀಳುವ ಸದ್ದು, ವೇಗದ ಏರಿಳಿತ ತೋರುವ ಗೆರೆ, ಇಷ್ಟೇ. ಕಿರಿದಾದ ಬಾಯಿಯಿಂದ ಚಿಮ್ಮುವ ರಕ್ತದ ಸದ್ದು ಶುದ್ಧ ಸಿಳ್ಳೆಯಂತೆ ಕೇಳುವ ತನಕ ಪ್ರೋಬನ್ನು ಪಕ್ಕೆಲುಬುಗಳ ನಡುವೆ ಒಂದೊಂದೇ ಕೂದಲೆಳೆಯಷ್ಟು ಓಲಾಡಿಸಬೇಕು. ಡಾ. ಹಾಟ್ಲೆ ಆ ಕಿವಿಯನ್ನು ಸಾಧಿಸಿಕೊಂಡರು. ಇಂದಿಗೂ ಎಕೋ ಕೋಣೆಗಳಲ್ಲಿ ಚಿತ್ರವಿಲ್ಲದ ಆ ಪೆನ್ಸಿಲ್ ಪ್ರೋಬು ಇದೆ, ಅದನ್ನು ಪೆಡಾಫ್ ಎಂದೇ ಕರೆಯುತ್ತಾರೆ. ಮಹಾಪಧಮನಿಯ ಕವಾಟ ಕಿರಿದಾದವರಲ್ಲಿ ಅತಿ ಹೆಚ್ಚಿನ ವೇಗ ಹಿಡಿಯಲು ಅದೇ ಬೇಕು.

ಅವರ ಲೆಕ್ಕ ನಮ್ಮ ಊರಿನ ಕೆರೆಯ ತೂಬನ್ನು ನೋಡಿದವರಿಗೆ ಕಷ್ಟವಲ್ಲ. ತೂಬಿನ ಬಾಯಿ ಕಿರಿದಾದಷ್ಟೂ ನೀರು ರಭಸವಾಗಿ ಚಿಮ್ಮುತ್ತದೆ. ಚಿಮ್ಮುವ ವೇಗ ಗೊತ್ತಾದರೆ ಹಿಂದಿನ ಒತ್ತಡವೂ ಗೊತ್ತಾಗುತ್ತದೆ. ಹದಿನೆಂಟನೆಯ ಶತಮಾನದಲ್ಲೇ ಡೇನಿಯಲ್ ಬರ್ನೌಲಿ ಕಂಡುಕೊಂಡ ನಿಯಮ ಅದು. ಅದನ್ನು ಹೃದಯಕ್ಕೆ ಹೊಂದಿಸಿ ಕಿರಿದು ಮಾಡಿದಾಗ ಬಂದದ್ದು ಇಷ್ಟೇ: ಸೆಕೆಂಡಿಗೆ ಎಷ್ಟು ಮೀಟರ್ ವೇಗವೋ ಅದರ ವರ್ಗ ತೆಗೆದು ನಾಲ್ಕರಿಂದ ಗುಣಿಸಿ, ಕವಾಟದ ಎರಡೂ ಬದಿಯ ಒತ್ತಡದ ಅಂತರ ಸಿಗುತ್ತದೆ. ವೇಗ 2 ಆದರೆ 16, ವೇಗ 4 ಆದರೆ 64. ಓಸ್ಲೋ ನಗರದ ಯಾರ್ಲೆ ಹೋಲೆನ್ 1976ರಲ್ಲಿ ಈ ದಾರಿ ತೋರಿಸಿದ್ದರು. ಹಾಟ್ಲೆ ಮತ್ತು ಜೊತೆಗಾರರು 1978ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಮೈಟ್ರಲ್ ಕವಾಟದ ಬಗ್ಗೆ, 1980ರಲ್ಲಿ ಮಹಾಪಧಮನಿಯ ಕವಾಟದ ಬಗ್ಗೆ ಬರೆದು, ಹಾಸಿಗೆಯ ಪಕ್ಕದಲ್ಲೇ ಮಾಡಬಹುದಾದ ಪರೀಕ್ಷೆಯಾಗಿ ಅದನ್ನು ಬೆಳೆಸಿದರು.

ಆದರೆ ನನ್ನ ಮನಸ್ಸು ಸೋತದ್ದು ಅವರ 1979ರ ಪ್ರಬಂಧಕ್ಕೆ. ಅದು ಪ್ರಕಟವಾದದ್ದು ಸರ್ಕ್ಯುಲೇಷನ್ ಜರ್ನಲ್ಲಿನಲ್ಲಿ. ಮತ್ತೆ ಕೆರೆಗೇ ಬನ್ನಿ. ತೂಬು ಅಗಲವಿದ್ದರೆ ಕೆರೆ ಬೇಗ ಇಳಿಯುತ್ತದೆ, ತೂಬಿನ ಬಾಯಿ ಕಟ್ಟಿಕೊಂಡಿದ್ದರೆ ನಿಧಾನಕ್ಕೆ. ಹಾಗಾದರೆ ಒತ್ತಡದ ಅಂತರ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿದರೆ ಬಾಯಿ ಎಷ್ಟು ಅಗಲವಿದೆ ಎಂದು ಹೇಳಬಹುದಲ್ಲವೇ? ಕ್ಯಾತೆಟರ್ ಬಳಸಿ ಈ ಅರ್ಧ ಸಮಯವನ್ನು 1960ರ ದಶಕದಲ್ಲೇ ಲಿಬನಾಫ್ ಮತ್ತು ರಾಡ್‌ಬಾರ್ಡ್ ಅಳೆದಿದ್ದರು. ಹಾಟ್ಲೆ ತಂಡ ಅದನ್ನೇ ಡಾಪ್ಲರ್ ಗೆರೆಯಿಂದ, ಒಂದು ಸೂಜಿಯೂ ಚುಚ್ಚದೆ ಓದಿತು. ಅರ್ಧ ಸಮಯ ಸುಮಾರು 220 ಮಿಲಿಸೆಕೆಂಡ್ ಇದ್ದಾಗ ಕವಾಟದ ವಿಸ್ತೀರ್ಣ ಸುಮಾರು ಒಂದು ಚದರ ಸೆಂಟಿಮೀಟರ್. ಅಲ್ಲಿಂದ ಬಂದದ್ದೇ ಎಕೋ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಬಾಯಿಪಾಠವಾಗಿರುವ ಲೆಕ್ಕ: 220ನ್ನು ಅರ್ಧ ಸಮಯದಿಂದ ಭಾಗಿಸು. ಹೂವಿನ ಹುಡುಗಿಯದು 244. ಭಾಗಿಸಿ ನೋಡಿ, 0.9 ಬರುತ್ತದೆ. ಅವಳ ಹಾಳೆಯಲ್ಲಿ ಇದ್ದದ್ದೂ ಅದೇ.

ಈ ಪ್ರಬಂಧದ ಪ್ರಭಾವವನ್ನು ಹೇಗೆ ಅಳೆಯುತ್ತೀರಿ?

ಮೈಟ್ರಲ್ ಕವಾಟ ಕಿರಿದಾದವರು ನಮ್ಮ ರಾಜ್ಯದ ಯಾವುದಾದರೂ ಎಕೋ ಕೋಣೆಯ ಮುಂದೆ ದಿನವೂ ಸರದಿಯಲ್ಲಿ ನಿಂತಿರುತ್ತಾರೆ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವದಂಥ ಸಂಸ್ಥೆಗಳಲ್ಲಂತೂ ಇದು ನಿತ್ಯದ ಕೆಲಸ. ತಂತ್ರಜ್ಞ ಗೆರೆ ಎಳೆಯುತ್ತಾರೆ, ಯಂತ್ರವೇ ಭಾಗಾಕಾರ ಮಾಡಿ ಉತ್ತರ ಕೊಡುತ್ತದೆ. ಯಾರೂ ಹಾಟ್ಲೆಯವರನ್ನು ಉಲ್ಲೇಖಿಸುವುದಿಲ್ಲ, ಉಲ್ಲೇಖಿಸಬೇಕಾದ ಅಗತ್ಯವೂ ಇಲ್ಲ. ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿದ್ದರು: ಒಂದು ವಿಚಾರ ಎಲ್ಲರ ಬುದ್ಧಿಯಲ್ಲಿ ಪೂರ್ತಿ ಬೆರೆತುಹೋದಾಗ ಅದನ್ನು ಹುಟ್ಟಿಸಿದವರ ಹೆಸರು ಕರಗಿಹೋಗುತ್ತದೆ. ಅಂದರೆ ಒಂದು ಹಂತ ದಾಟಿದ ಮೇಲೆ, ಪ್ರಭಾವ ಹೆಚ್ಚಾದಷ್ಟೂ ಉಲ್ಲೇಖ ಕಡಿಮೆಯಾಗಲೂಬಹುದು.

ಹೆಸರು ಉಳಿದ ಉದಾಹರಣೆಯೂ ಉಂಟು. ಅದೇ ಹಾಳೆಯ ವಿಲ್ಕಿನ್ಸ್ ಸ್ಕೋರ್. ಕವಾಟದ ಪದರ ಎಷ್ಟು ಆಡುತ್ತದೆ, ಎಷ್ಟು ದಪ್ಪ, ಎಷ್ಟು ಸುಣ್ಣ ಕಟ್ಟಿದೆ, ಕೆಳಗಿನ ಎಳೆಗಳು ಎಷ್ಟು ಗಟ್ಟಿಯಾಗಿವೆ ಎಂದು ನಾಲ್ಕು ಬಾಬ್ತಿಗೆ ತಲಾ ಒಂದರಿಂದ ನಾಲ್ಕು ಅಂಕ. ಒಟ್ಟು ಎಂಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಕವಾಟದ ಬಾಯಿಯಲ್ಲಿ ಬಲೂನ್ ಉಬ್ಬಿಸಿ ಬಿಡಿಸಿದಾಗ ಫಲ ಚೆನ್ನಾಗಿರುತ್ತದೆ. ಬಾಸ್ಟನ್ನಿನಿಂದ 1988ರಲ್ಲಿ ಬಂದ ಈ ಪ್ರಬಂಧ ಎಷ್ಟು ರೋಗಿಗಳನ್ನು ನೋಡಿ ಬರೆದದ್ದು ಗೊತ್ತೇ? 22. ಸಾವಿರವಲ್ಲ, ಇನ್ನೂರೂ ಅಲ್ಲ. ಇಪ್ಪತ್ತೆರಡು ರೋಗಿಗಳ ಎಕೋವನ್ನು ಕಣ್ಣಿಟ್ಟು ನೋಡಿ ಬರೆದದ್ದು ಇಂದಿಗೂ ಜಗತ್ತಿನ ಮೂಲೆಮೂಲೆಯಲ್ಲಿ ಯಾರಿಗೆ ಬಲೂನ್, ಯಾರಿಗೆ ಶಸ್ತ್ರಚಿಕಿತ್ಸೆ ಎಂದು ತೀರ್ಮಾನಿಸಲು ನೆರವಾಗುತ್ತಿದೆ.

ಈಗ ನಾವು ಬಳಸುತ್ತಿರುವ ಅಳತೆಗೋಲುಗಳ ಕಡೆ ತಿರುಗೋಣ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ ಏನು? ಒಂದು ಜರ್ನಲ್ ಹಿಂದಿನ ಎರಡು ವರ್ಷದಲ್ಲಿ ಅಚ್ಚು ಹಾಕಿದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಎಂಬ ಲೆಕ್ಕ. ಅದು ಜರ್ನಲ್ಲಿನ ಅಂಕ. ಅದರೊಳಗೆ ಬರೆದವರ ಅಂಕವಲ್ಲ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಹುಟ್ಟುಹಾಕಿದ ಈ ಅಳತೆ ಯಾವ ಜರ್ನಲ್ಲನ್ನು ಸೂಚಿಗೆ ಸೇರಿಸಬೇಕು, ಗ್ರಂಥಾಲಯಕ್ಕೆ ಯಾವುದನ್ನು ತರಿಸಬೇಕು ಎಂದು ಆರಿಸುವುದಕ್ಕೆ ಬಳಕೆಗೆ ಬಂತು. ಒಬ್ಬ ಮನುಷ್ಯನ ಬಡ್ತಿ ತೀರ್ಮಾನಿಸುವುದಕ್ಕೆ ಮಾಡಿದ್ದಲ್ಲ. ಈ ಲೆಕ್ಕದಲ್ಲಿ ಹಾಟ್ಲೆಯವರ 1978ರ ಪ್ರಬಂಧ ಎಣಿಕೆಗೆ ಬರುವುದು 1979 ಮತ್ತು 1980ರಲ್ಲಿ ಮಾತ್ರ. ಅದಾದ ಮೇಲೆ ಎಷ್ಟು ದಶಕ ರೋಗಿಗಳಿಗೆ ನೆರವಾದರೂ ಸೊನ್ನೆ. 1982ರಲ್ಲಿ ಅವರೂ ಆಂಗೆಲ್ಸನ್ನರೂ ಸೇರಿ ಬರೆದ ಡಾಪ್ಲರ್ ಪುಸ್ತಕ ಒಂದು ತಲೆಮಾರಿನ ವೈದ್ಯರಿಗೆ ಗುರುವಾಯಿತು. ಪುಸ್ತಕಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದೇ ಇಲ್ಲ.

ಎಚ್-ಇಂಡೆಕ್ಸ್ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಕೊಟ್ಟದ್ದು. ತಲಾ ಇಪ್ಪತ್ತು ಉಲ್ಲೇಖವಾದರೂ ಪಡೆದ ಇಪ್ಪತ್ತು ಪ್ರಬಂಧ ನಿಮ್ಮದಿದ್ದರೆ ನಿಮ್ಮ ಎಚ್-ಇಂಡೆಕ್ಸ್ ಇಪ್ಪತ್ತು. ಇಂಪ್ಯಾಕ್ಟ್ ಫ್ಯಾಕ್ಟರಿಗಿಂತ ಇದು ವ್ಯಕ್ತಿಗೆ ಹತ್ತಿರ. ಆದರೆ ಜಗತ್ತನ್ನೇ ಬದಲಿಸಿದ ಮೂರು ಪ್ರಬಂಧ ಬರೆದು ಸುಮ್ಮನಾದವರ ಎಚ್-ಇಂಡೆಕ್ಸ್ ಮೂರು ಮಾತ್ರ. ಶೇಕಡಾ 2ರ ಪಟ್ಟಿಯೂ ಉಲ್ಲೇಖಗಳನ್ನೇ ಹಲವು ಬಗೆಯಲ್ಲಿ ಎಣಿಸಿ ಮಾಡಿದ್ದು. ಸ್ಟ್ಯಾನ್‌ಫರ್ಡ್‌ನ ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು ಅದನ್ನು ರೂಪಿಸಿದ್ದಾರೆ. ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಬಿಟ್ಟರೆ ಸ್ಥಾನ ಎಷ್ಟು ಎಂಬ ಕಾಲಂ ಕೂಡ ಅದರಲ್ಲಿದೆ. ಅಷ್ಟು ಪ್ರಾಮಾಣಿಕತೆ ಇರುವ ಪಟ್ಟಿಯನ್ನು ನಾನು ಹಳಿಯುವುದಿಲ್ಲ. ನನ್ನ ತಕರಾರು ಅದನ್ನು ಪದಕದಂತೆ ಕೊರಳಿಗೆ ಹಾಕಿ, ಕೆಲಸ ಏನೆಂದು ಕೇಳದೆ ಮನೆಗೆ ಹೋಗುವ ನಮ್ಮ ಅಭ್ಯಾಸದ ಮೇಲೆ.

ಎಣಿಕೆಯೇ ಕೆಟ್ಟದ್ದು ಎಂದೂ ನಾನು ಹೇಳುತ್ತಿಲ್ಲ. ಗ್ರಂಥಾಲಯದ ವಿಷಯಗಳನ್ನು ಸಂಖ್ಯಾಶಾಸ್ತ್ರದಿಂದ ಅಳೆಯಬೇಕೆಂದು ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1948ರಲ್ಲೇ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಹೇಳಿ, ಅದಕ್ಕೆ ಲೈಬ್ರಾಮೆಟ್ರಿ ಎಂದು ಹೆಸರಿಟ್ಟರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದಸ್ತಾವೇಜು ಸಂಶೋಧನಾ ಕೇಂದ್ರ ಇಂದಿಗೂ ಇದೆ. ಇದೇ ಊರಿನಿಂದ 1932ರಿಂದ ಬರುತ್ತಿರುವ ಕರೆಂಟ್ ಸೈನ್ಸ್ ಪತ್ರಿಕೆಯ ಪುಟಗಳಲ್ಲಿ ಈ ಅಳತೆಗಳ ಒಳಿತು ಕೆಡುಕಿನ ಚರ್ಚೆ ವರ್ಷಗಟ್ಟಲೆ ನಡೆದಿದೆ. ಎಣಿಸುವ ವಿದ್ಯೆ ನಮ್ಮ ಮನೆಯಂಗಳದ್ದೇ. ಏನನ್ನು ಎಣಿಸಬೇಕು ಎಂಬಲ್ಲಿ ದಾರಿ ತಪ್ಪಿದ್ದೇವೆ.

ಅದರಿಂದ ಆಗುವ ಹಾನಿ ನಮ್ಮ ಆಸ್ಪತ್ರೆಗಳಿಗೇ. ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 2015ರಲ್ಲಿ, ವೈದ್ಯಕೀಯ ಕಾಲೇಜಿನ ಅಧ್ಯಾಪಕರ ಬಡ್ತಿಗೆ ಬೇಕಾದ ಪ್ರಬಂಧಗಳಲ್ಲಿ ಮೊದಲ ಇಬ್ಬರು ಲೇಖಕರಿಗಷ್ಟೇ ಲೆಕ್ಕ ಎಂದು ಸ್ಪಷ್ಟಪಡಿಸಿತು. ಆ ನಿಯಮ ಆಮೇಲೆ ಬದಲಾಯಿತು, ಆದರೆ ಅದರ ಹಿಂದಿನ ಮನೋಭಾವ ಇನ್ನೂ ಹೋಗಿಲ್ಲ. ಹಾಟ್ಲೆಯವರ 1978ರ ಪ್ರಬಂಧಕ್ಕೆ ಆ ನಿಯಮ ಹಚ್ಚಿ ನೋಡಿ: ಮೊದಲ ಹೆಸರು ಹಾಟ್ಲೆ, ಆಮೇಲೆ ಬ್ರುಬಾಕ್, ಟ್ರೊಮ್ಸ್‌ಡಾಲ್, ನಾಲ್ಕನೆಯವರು ಆಂಗೆಲ್ಸನ್. ಯಂತ್ರ ಕಟ್ಟಿದ ಎಂಜಿನಿಯರಿಗೆ ಸೊನ್ನೆ ಅಂಕ! ಎಡ್ಲರ್ ಜೊತೆ ಹೆರ್ಟ್ಸ್, ಗಾರ್ಲಿನ್ ಜೊತೆ ಅವರ ಅಪ್ಪ, ಹಾಟ್ಲೆ ಜೊತೆ ಆಂಗೆಲ್ಸನ್. ಹೃದಯವನ್ನು ನೋಡುವ ವಿದ್ಯೆ ಬೆಳೆದದ್ದೇ ವೈದ್ಯರೂ ಯಂತ್ರ ಬಲ್ಲವರೂ ಒಂದೇ ಮೇಜಿನ ಮುಂದೆ ಕೂತದ್ದರಿಂದ. ಬೆಂಗಳೂರಿನಲ್ಲಿ ಎಂಜಿನಿಯರುಗಳಿಗೂ ಬರವಿಲ್ಲ, ವೈದ್ಯರಿಗೂ ಬರವಿಲ್ಲ. ಅವರು ಜೊತೆಯಾಗಿ ದುಡಿದರೆ ಇಬ್ಬರಿಗೂ ನಷ್ಟವಾಗುವಂಥ ಲೆಕ್ಕ ಇಟ್ಟುಕೊಂಡರೆ ಯಾರು ತಾನೇ ಜೊತೆಯಾದಾರು?

ಇಷ್ಟು ಪ್ರಬಂಧ ಇಂಥ ದಿನದೊಳಗೆ ಎಂದು ಕೇಳಿದಾಗ ಅದನ್ನು ಮಾರುವವರೂ ಹುಟ್ಟಿಕೊಳ್ಳುತ್ತಾರೆ. ದುಡ್ಡು ಕೊಟ್ಟರೆ, ಪರಿಶೀಲಿಸಿದ್ದೇವೆ ಎಂದು ಸುಳ್ಳು ಹೇಳಿ ಏನನ್ನಾದರೂ ಅಚ್ಚು ಹಾಕುವ ಜರ್ನಲ್ಲುಗಳ ದೊಡ್ಡ ಸಂತೆಯೇ ನಮ್ಮ ದೇಶದಲ್ಲಿ ಬೆಳೆಯಿತು. ಹೈದರಾಬಾದಿನ ಪ್ರಕಾಶನ ಸಂಸ್ಥೆಯೊಂದಕ್ಕೆ ಅಮೆರಿಕದ ನ್ಯಾಯಾಲಯ 2019ರಲ್ಲಿ ಐದು ಕೋಟಿ ಡಾಲರಿಗೂ ಮೀರಿದ ಮೊತ್ತ ಕಟ್ಟಲು ಆದೇಶಿಸಿತು. ಆ ರಾಶಿಯೊಳಗೆ ಬಿದ್ದ ಒಂದು ಕೆಟ್ಟ ಎಕೋ ಅಧ್ಯಯನವನ್ನು ಯಾರಾದರೂ ನಂಬಿ ರೋಗಿಗೆ ಬಳಸಿದರೆ? ರಾತ್ರಿ ಡ್ಯೂಟಿ ಮುಗಿಸಿ, ಕಣ್ಣು ಮುಚ್ಚುವ ಬದಲು ಬಡ್ತಿಗಾಗಿ ಪೇಪರ್ ಹೊಂದಿಸುವ ಕಿರಿಯ ವೈದ್ಯರನ್ನು ನಾನು ಬಲ್ಲೆ. ತಪ್ಪನ್ನು ಅವರ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ಅವರಿಗೆ ಸರಿಯಾದ ಪ್ರಶ್ನೆ ಕೇಳುವವರೇ ಇಲ್ಲ.

ಒಂದು ಪ್ರಬಂಧ ಸರಿಯಾಗಿ ಕೆಲಸ ಮಾಡಿದಾಗ ಏನಾಗುತ್ತದೆ ಎಂದು ನೋಡಬೇಕಾದರೆ ಹೂವಿನ ಹುಡುಗಿಯ ಕಾಯಿಲೆಯಲ್ಲೇ ಇನ್ನೊಂದು ಸರಪಳಿ ಇದೆ. 2007ರಲ್ಲಿ ಎಲುವಾ ಮರಿಜಾನ್ ಮತ್ತು ಸಂಗಡಿಗರು ಕಾಂಬೋಡಿಯಾ ಮತ್ತು ಮೊಜಾಂಬಿಕ್‌ನ ಶಾಲಾಮಕ್ಕಳಿಗೆ ಎಕೋ ಮಾಡಿದ ಫಲಿತಾಂಶ ಪ್ರಕಟಿಸಿದರು. ಕಾಂಬೋಡಿಯಾದ 3677 ಮಕ್ಕಳಲ್ಲಿ ಸ್ಟೆತಸ್ಕೋಪಿನಿಂದ ಅನುಮಾನ ಬಂದು ಖಚಿತವಾದದ್ದು 8 ಮಕ್ಕಳಿಗೆ. ಎಲ್ಲರಿಗೂ ಎಕೋ ಮಾಡಿದಾಗ ಸಿಕ್ಕಿದ್ದು 79. ಕಿವಿಗೆ ಕೇಳದ ಕಾಯಿಲೆ ಹತ್ತು ಪಟ್ಟು! ಆದರೆ ಸಣ್ಣ ಸೋರಿಕೆಯನ್ನೆಲ್ಲ ಕಾಯಿಲೆ ಎನ್ನಬಹುದೇ? ಅದಕ್ಕೆ ವಿಶ್ವ ಹೃದಯ ಒಕ್ಕೂಟ 2012ರಲ್ಲಿ ಎಕೋ ಮಾನದಂಡಗಳನ್ನು ಹೊರಡಿಸಿತು. ಸರಿ, ಹೀಗೆ ಬೇಗ ಕಂಡರೆ ಮಗುವಿಗೆ ಲಾಭವೇನು? ಉಗಾಂಡಾದ ಗುಲು ಪ್ರದೇಶದಲ್ಲಿ ಎಂಟುನೂರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪರೀಕ್ಷೆ ಉತ್ತರ ಕೊಟ್ಟಿತು. ತಿಂಗಳಿಗೊಂದು ಪೆನಿಸಿಲಿನ್ ಇಂಜೆಕ್ಷನ್ ಪಡೆದವರಲ್ಲಿ ಎರಡು ವರ್ಷದೊಳಗೆ ಕಾಯಿಲೆ ಮುಂದುವರಿದದ್ದು ಶೇಕಡಾ 0.8 ಮಕ್ಕಳಲ್ಲಿ, ಪಡೆಯದವರಲ್ಲಿ ಶೇಕಡಾ 8.2. ಒಂದು ಪ್ರಬಂಧ ಇನ್ನೊಂದಕ್ಕೆ ಪ್ರಶ್ನೆ ದಾಟಿಸಿ, ಹದಿನೈದು ವರ್ಷದಲ್ಲಿ ಮಗುವಿನ ಸೊಂಟಕ್ಕೆ ಬೀಳುವ ಒಂದು ಸೂಜಿಯವರೆಗೆ ತಲುಪಿತು. ಎರಡು ವರ್ಷದ ಕಿಟಕಿಯಿಂದ ನೋಡುವವರಿಗೆ ಇದು ಕಾಣುವುದೇ ಇಲ್ಲ.

ಪ್ರಭಾವ ಎಂದರೆ ತಪ್ಪು ತಿದ್ದಿಸಿಕೊಳ್ಳುವುದೂ ಹೌದು. ಹಾಟ್ಲೆಯವರ ಅರ್ಧ ಸಮಯದ ಲೆಕ್ಕ ಬಲೂನ್ ಹಾಕಿದ ತಕ್ಷಣ ಸರಿಯಾಗಿ ಹೇಳುವುದಿಲ್ಲ ಎಂದು ಜೇಮ್ಸ್ ಥಾಮಸ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಹೃತ್ಕರ್ಣ ಹೊಸ ಸ್ಥಿತಿಗೆ ಹೊಂದಿಕೊಳ್ಳುವ ಹೊತ್ತಿನಲ್ಲಿ ತೂಬಿನ ಲೆಕ್ಕ ತಾಳ ತಪ್ಪುತ್ತದೆ. ಆದ್ದರಿಂದ ಬಲೂನ್ ಆದ ಮೇಲೆ ಕವಾಟದ ಬಾಯಿಯನ್ನು ಪರದೆಯ ಮೇಲೆ ಗೆರೆ ಎಳೆದೇ ಅಳೆಯುತ್ತಾರೆ. ಇದರಿಂದ 1979ರ ಪ್ರಬಂಧ ಚಿಕ್ಕದಾಗಲಿಲ್ಲ. ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂದು ತಿಳಿದು ಇನ್ನಷ್ಟು ಉಪಯೋಗಕ್ಕೆ ಬಂತು. ಹಾಟ್ಲೆ ಸ್ವತಃ ಅಲ್ಲಿಗೇ ನಿಲ್ಲಲಿಲ್ಲ. 1989ರಲ್ಲಿ ಅವರು, ಆಪಲ್ಟನ್ ಮತ್ತು ಪಾಪ್ ಸೇರಿ, ಹೃದಯದ ಹೊರಚೀಲ ಗಟ್ಟಿಯಾಗಿ ಅದುಮುವ ಕಾಯಿಲೆಯನ್ನು ಹೃದಯದ ಸ್ನಾಯುವೇ ಬಿಗಿಯಾಗುವ ಕಾಯಿಲೆಯಿಂದ ಬೇರ್ಪಡಿಸುವುದು ಹೇಗೆಂದು ಡಾಪ್ಲರಿನಿಂದ ತೋರಿಸಿದರು. ಉಸಿರು ಎಳೆದಾಗ, ಬಿಟ್ಟಾಗ ರಕ್ತದ ವೇಗ ಎಷ್ಟು ಬದಲಾಗುತ್ತದೆ ಎಂಬುದರಲ್ಲಿ ಗುಟ್ಟಿತ್ತು. ಹೊರಚೀಲದ ಕಾಯಿಲೆ ನಮ್ಮಲ್ಲಿ ಹೆಚ್ಚಾಗಿ ಬರುವುದು ಕ್ಷಯದಿಂದ. ಅದನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಬಹುದು, ಇನ್ನೊಂದನ್ನು ಆಗದು. ಚಳಿದೇಶದ ವೈದ್ಯೆಯೊಬ್ಬರು ಹಚ್ಚಿದ ಈ ದೀಪದಿಂದ ಯಾರಿಗೆ ಹೆಚ್ಚು ಬೆಳಕಾಯಿತು, ನೋಡಿ.

ನಾಗರಿಕಳಾಗಿ ನನ್ನ ಬೇಡಿಕೆ ಇಷ್ಟು. ವೈದ್ಯ ಸಂಶೋಧಕರ ಬಡ್ತಿಗೆ, ಪ್ರಶಸ್ತಿಗೆ ಅರ್ಜಿ ಕರೆಯುವಾಗ ಪ್ರಬಂಧಗಳ ಪಟ್ಟಿ ಬೇಡ. ನಿಮ್ಮ ಅತ್ಯುತ್ತಮ ಮೂರು ಕೆಲಸ ಯಾವುದು, ಅದರಿಂದ ಯಾರ ಚಿಕಿತ್ಸೆ ಹೇಗೆ ಬದಲಾಯಿತು ಎಂದು ಒಂದು ಪುಟ ಬರೆಸಿಕೊಳ್ಳಿ, ಕನ್ನಡದಲ್ಲಿ ಬರೆದರೂ ಒಪ್ಪಿಕೊಳ್ಳಿ. ಜರ್ನಲ್ಲಿನ ಅಂಕವನ್ನು ಮನುಷ್ಯರ ಅಂಕವೆಂದು ಬಗೆಯಬಾರದೆಂದು ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ 2012ರಿಂದ ಹೇಳುತ್ತಿದೆ, ನಮ್ಮ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯೂ 2018ರಲ್ಲಿ ಅದೇ ದಿಕ್ಕಿನಲ್ಲಿ ಮಾತಾಡಿದೆ. ಇನ್ನೊಂದು ಬೇಡಿಕೆ ಶಾಲೆಗಳದ್ದು. ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗದ ಹೆಸರು ಇದ್ದೇ ಇದೆ. ಆ ತಂಡಗಳ ಕೈಗೆ ಕಿಸೆಯಲ್ಲಿ ಹಿಡಿಯುವ ಸಣ್ಣ ಎಕೋ ಯಂತ್ರವನ್ನೂ ಅದನ್ನು ಬಳಸುವ ತರಬೇತಿಯನ್ನೂ ಕೊಡಿ. ಕಾಂಬೋಡಿಯಾದ ಆ 71 ಮಕ್ಕಳಂಥವರು ನಮ್ಮ ಹಳ್ಳಿಗಳಲ್ಲೂ ಬೆಂಚಿನ ಮೇಲೆ ಕೂತಿರುತ್ತಾರೆ.

ಹೂವಿನ ಹುಡುಗಿಗೆ ಕಳೆದ ಬುಧವಾರ ಬಲೂನ್ ಆಯಿತು. ತೊಡೆಯ ನಾಳದಿಂದ ತೂರಿಸಿ ಕವಾಟದ ಬಾಯಿಯಲ್ಲಿ ಉಬ್ಬಿಸುವ ಈ ಬಲೂನನ್ನು ಜಪಾನಿನ ಕಾಂಜಿ ಇನೋಯೆ 1984ರಲ್ಲಿ ಜಗತ್ತಿಗೆ ತೋರಿಸಿದ್ದರು. ಶುಕ್ರವಾರ ಮನೆಗೆ ಬಂದಳು. ಶನಿವಾರ ಸಂಜೆ ಗುಡಿಯ ಮುಂದೆ ಗಂಡ ಹೂ ಮಾರುತ್ತಿದ್ದ, ಇವಳು ಪಕ್ಕದ ಕಲ್ಲಿಗೆ ಒರಗಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಹೊಸ ರಿಪೋರ್ಟಿನಲ್ಲಿ ವಿಸ್ತೀರ್ಣ 1.8. ಈ ಸಲ ನಾನು ಪೆನ್ಸಿಲ್ ಹಿಡಿದೇ ಹೋಗಿದ್ದೆ. ಒಂದೊಂದು ಸಾಲಿನ ಪಕ್ಕದಲ್ಲೂ ಕನ್ನಡದಲ್ಲಿ ಬರೆದುಕೊಟ್ಟೆ: ಇದು ಕವಾಟದ ಬಾಯಿ, ಇದು ಒತ್ತಡ, ಇದು ಸೋರಿಕೆ ಇದೆಯೋ ಇಲ್ಲವೋ. ಕೊನೆಗೆ, ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ತಪ್ಪಿಸಬಾರದು, ಮುಂದಿನದು ಇಂಥ ದಿನ.

ಅವಳು ಅದನ್ನು ನಿಧಾನವಾಗಿ ಓದಿಕೊಂಡಳು. ಆಮೇಲೆ ತಲೆಯೆತ್ತಿ, “ಅಕ್ಕಾ, ನಮ್ ತಮ್ಮುಂಗೂ ಹೋದ್ ವರ್ಸ ಗಂಟ್ಲು ನೋವ್ ಬಂದು ಮಂಡಿ ಊದಿತ್ತು. ಅವ್ನು ಆರನೇ ಕ್ಲಾಸು. ಅವುನ್ಗೂ ತೋರುಸ್ಬೇಕಾ?” ಅಂದಳು.

ಹುಡುಗ ನಂಜನಗೂಡಿನ ಹತ್ತಿರ ಅಜ್ಜಿಯ ಮನೆಯಲ್ಲಿದ್ದಾನೆ. ಫೋನ್ ಮಾಡಿಸಿದ್ದೇನೆ. ಸೋಮವಾರ ಬೆಳಗಿನ ಬಸ್ಸಿಗೆ ಕರೆತರುತ್ತಾರೆ, ಎಂಟಕ್ಕೆ ಮೊದಲು ಹೋದರೆ ಎಕೋ ಚೀಟಿ ಅವತ್ತೇ ಸಿಗುತ್ತದಂತೆ.